ನಮ್ಮಜ್ಜ ಮಿಲ್ಟ್ರಿಯಲ್ಲಿದ್ದರಂತೆ: ಯುದ್ಧಕ್ಕೆ ಹೋದ ಹಿರಿಯರನ್ನು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಲಾರಿ ಓಡಿಸಿದ ಅಜ್ಜನ ಜಾಡು ಹಿಡಿದು ಹೊರಟವನು ನಾನು. ಆಮೇಲೆ ನೆಂಟರು ಕೇಳಿದರು, ನೆಂಟರ ಪಕ್ಕದ ಮನೆಯವರು ಕೇಳಿದರು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ: "ನಮ್ಮಜ್ಜ ಮಿಲ್ಟ್ರಿಯಲ್ಲಿದ್ದರಂತೆ, ಎಲ್ಲಿ ಏನು ಅಂತ ಗೊತ್ತಿಲ್ಲ." ಒಂದನೇ ಯುದ್ಧದಲ್ಲಿ ಸುಮಾರು 13 ಲಕ್ಷ, ಎರಡನೆಯದರಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇನೆಯಲ್ಲಿದ್ದರು. ನಮ್ಮ ಕಡೆಯ ಅಟ್ಟಗಳಲ್ಲೂ ಅವರ ಟ್ರಂಕುಗಳಿವೆ. ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲಿಂದ ಶುರು ಮಾಡಬೇಕು? ದೆಹಲಿಗೆ ಬರೆಯಬೇಕಾ, ಲಂಡನ್ನಿಗಾ?

ಎರಡೂ ಬೇಡ. ಮೊದಲು ಮನೆ. ಹುಡುಕಬೇಕಾದದ್ದು ಸರ್ವಿಸ್ ನಂಬರ್ ಮತ್ತು ಪಡೆಯ ಹೆಸರು. ಅಜ್ಜನ ಹೆಸರಿಗಿಂತ ಈ ಎರಡು ಮುಖ್ಯ. ಸೇನೆಗೆ ಅವರು ಮೊದಲು ಒಂದು ನಂಬರ್, ಆಮೇಲೆ ಹೆಸರು.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಅಜ್ಜನ ಕಾಗದಪತ್ರ ಒಂದೂ ಇರಲಿಲ್ಲ, ಎಲ್ಲ ಗೆದ್ದಲು ತಿಂದಿತ್ತು. ಒಂದು ಕಬ್ಬಿಣದ ಟ್ರಂಕು ಮಾತ್ರ ಇತ್ತು. ಅಜ್ಜಿ ಅದರಲ್ಲಿ ಹಳೇ ಸೀರೆ, ಹಿತ್ತಾಳೆ ದೀಪ ಇಟ್ಟಿದ್ದರು. ಯಾರದೋ ಮದುವೆಗೆ ಮನೆಗೆ ಬಣ್ಣ ಬಳಿದಾಗ ಉಳಿದ ಹಸಿರು ಪೇಂಟನ್ನು ಅದಕ್ಕೂ ಬಳಿದಿದ್ದರು. ಒಂದು ಮಧ್ಯಾಹ್ನ ಮುಚ್ಚಳದ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಹಸಿರಿನ ಕೆಳಗೆ ಅಕ್ಷರ ಉಬ್ಬಿದಂತೆ ಕಂಡಿತು. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಬಿಳಿ ಪೇಂಟಿನಲ್ಲಿ ನಂಬರ್, ರ‍್ಯಾಂಕ್, ಅರ್ಧ ಅಳಿಸಿದ ಹೆಸರು. ಸಿಪಾಯಿಗಳು ಟ್ರಂಕಿನ ಮೇಲೆ ಹೀಗೆ ಬರೆಸುತ್ತಿದ್ದರು, ರೈಲಿನಲ್ಲಿ ಕಳೆಯದಿರಲಿ ಅಂತ. ಎರಡು ವರ್ಷ ನಾನು ಊರೆಲ್ಲ ಹುಡುಕಿದ್ದು ಅಡುಗೆಮನೆ ಪಕ್ಕದಲ್ಲೇ ಕೂತಿತ್ತು.

ಟ್ರಂಕು ಇಲ್ಲದಿದ್ದರೆ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಮಂಜೂರಾದ ಆದೇಶದ (ಪಿ.ಪಿ.ಒ.) ಕಾಗದ, ಮನಿಯಾರ್ಡರ್ ರಸೀದಿ, ಹಳೇ ಪತ್ರದ ವಿಳಾಸ, ಫೋಟೋ ಚೌಕಟ್ಟಿನ ಹಿಂಭಾಗ ನೋಡಿ. ಚೌಕಟ್ಟನ್ನು ಬಿಚ್ಚಿ ನೋಡಿ. ಗಟ್ಟಿಯಾಗಿರಲಿ ಅಂತ ಒಳಗೆ ಹಳೇ ಸರ್ಟಿಫಿಕೇಟನ್ನೇ ಮಡಚಿ ಇಟ್ಟವರಿದ್ದಾರೆ. ಯುದ್ಧ ಮುಗಿದ ಮೇಲೆ ಕೆಲವರಿಗೆ ಜಮೀನು ಮಂಜೂರಾಗಿತ್ತು. ಹಾಗಿದ್ದರೆ ತಾಲ್ಲೂಕು ಕಚೇರಿಯ ದರಖಾಸ್ತು ಕಡತದಲ್ಲಿ ಅಜ್ಜನ ರ‍್ಯಾಂಕ್, ಪಡೆ ಎರಡೂ ಸಿಗುವ ಸಾಧ್ಯತೆ ಇದೆ.

ಹೆಸರು, ಊರು ಗೊತ್ತು. ಅಷ್ಟು ಸಾಲದಾ?

ಸಾಲದು. ಕಾರಣ ಸರಳ: ಸೇರಿಸಿಕೊಳ್ಳುವಾಗ ಅಜ್ಜ ಹೇಳಿದ್ದೊಂದು, ಗುಮಾಸ್ತ ಬರೆದದ್ದೊಂದು. ಮುನಿಸ್ವಾಮಿ 'ಮೂನಿಸಾಮಿ' ಆಗುತ್ತಾನೆ, ಕೃಷ್ಣಪ್ಪ 'ಕಿಸ್ಟ್ನಪ್ಪ' ಆಗುತ್ತಾನೆ. ಮನೆತನದ ಹೆಸರು ಬಿಟ್ಟೇಹೋಗಿರುತ್ತದೆ. ಬರೀ 'ರಾಮಯ್ಯ' ಎಂದು ಹುಡುಕಿದರೆ ಪುಟಗಟ್ಟಲೆ ರಾಮಯ್ಯಂದಿರು ಬರುತ್ತಾರೆ. ಊರಿನ ಹೆಸರೂ ಹಾಗೇ. ಮಡಿಕೇರಿ ಅಂತ ಹುಡುಕಿದರೆ ಸಿಗದು, ಮರ್ಕಾರಾ ಅಂತ ಹುಡುಕಬೇಕು. ಇಂಗ್ಲಿಷಿನವನು ಕಿವಿಗೆ ಬಿದ್ದಂತೆ ಹೇಗೆ ಬರೆದಾನು ಅಂತ ಊಹಿಸಿ ಏಳೆಂಟು ರೀತಿ ಬರೆದಿಟ್ಟುಕೊಳ್ಳಿ. ತಂದೆಯ ಹೆಸರು ಜೊತೆಗಿರಲಿ. ಎರಡನೇ ಯುದ್ಧದ ಎಷ್ಟೋ ದಾಖಲೆಗಳಲ್ಲಿ 'ಇಂಥವರ ಮಗ, ಇಂಥ ಊರು' ಅಂತಿರುತ್ತದೆ, ಕೊನೆಗೆ ಕೈ ಹಿಡಿಯುವುದು ಅದೇ.

ಒಂದು ಪದಕ ಇದೆ. ಅದರಿಂದ ಏನಾದರೂ ಗೊತ್ತಾಗುತ್ತಾ?

ಜಾಸ್ತಿನೇ ಗೊತ್ತಾಗುತ್ತದೆ. ಆದರೆ ಮೊದಲು ಒಂದು ಮಾತು. ಹುಣಸೆಹಣ್ಣು ಹಾಕಿ ಉಜ್ಜಬೇಡಿ! ಪೂಜೆ ಸಾಮಾನು ತೊಳೆದಂತೆ ಪ್ರತಿ ಹಬ್ಬಕ್ಕೂ ಪದಕ ತೊಳೆದು ಅಕ್ಷರವೆಲ್ಲ ಸವೆಸಿದ ಮನೆಗಳನ್ನು ಕಂಡಿದ್ದೇನೆ.

ಒಂದನೇ ಯುದ್ಧದ ಪದಕವಾದರೆ ಮುಖ, ಬೆನ್ನು ಬಿಟ್ಟು ಅಂಚು ನೋಡಿ. ದುಂಡನೆಯ ಪದಕವನ್ನು ನಾಣ್ಯದ ಹಾಗೆ ನಿಲ್ಲಿಸಿ ಮೆಲ್ಲಗೆ ತಿರುಗಿಸಿದರೆ ಅಂಚಿನಲ್ಲಿ ನಂಬರ್, ರ‍್ಯಾಂಕ್, ಹೆಸರು, ಪಡೆ ಸಣ್ಣಗೆ ಕೆತ್ತಿರುತ್ತದೆ. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಸವಾರ ಇದ್ದರೆ ಅದು ಬ್ರಿಟಿಷ್ ವಾರ್ ಮೆಡಲ್. ಸಾಮಾನ್ಯವಾಗಿ ಬೆಳ್ಳಿಯದು. ಬೆಳ್ಳಿ ಎಂಬ ಒಂದೇ ಕಾರಣಕ್ಕೆ ಎಷ್ಟು ಪದಕಗಳು ಕಾಲುಂಗುರವಾದವೋ! ಸೇನೆಯ ಜೊತೆ ಹೋದ ಕೂಲಿ ಪಡೆಗಳವರಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. ರೆಕ್ಕೆ ಬಿಚ್ಚಿ ನಿಂತ ಹೆಂಗಸಿನ ಚಿತ್ರ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ ಇದ್ದರೆ ವಿಕ್ಟರಿ ಮೆಡಲ್.

ಎರಡನೇ ಯುದ್ಧದ ನಕ್ಷತ್ರಗಳಿಗೆ ಆರು ಮೂಲೆ. ಅವುಗಳ ಮೇಲೆ ಅಜ್ಜನ ಹೆಸರು ಬಹಳ ಸಲ ಇರುವುದಿಲ್ಲ. ಆದರೆ ಯಾವ ರಣರಂಗ ಅಂತ ನಕ್ಷತ್ರದಲ್ಲೇ ಬರೆದಿರುತ್ತದೆ: ಬರ್ಮಾ, ಆಫ್ರಿಕಾ, ಇಟಲಿ, ಪೆಸಿಫಿಕ್. ರಿಬ್ಬನ್ ಮಾತ್ರ ಉಳಿದಿದ್ದರೂ ಸಾಕು. ಮಧ್ಯೆ ಅಗಲ ಕೆಂಪು ಪಟ್ಟಿ, ಆಚೀಚೆ ಕಡುನೀಲಿ, ನೀಲಿಯೊಳಗೆ ಕಿತ್ತಳೆ ಗೆರೆ ಇದ್ದರೆ ಬರ್ಮಾ. ಮರಳಿನ ಬಣ್ಣದ ಮೇಲೆ ಕೆಂಪು ಪಟ್ಟಿ ಇದ್ದರೆ ಆಫ್ರಿಕಾ.

ಫೋಟೋ ಒಂದೇ ಇರುವುದು.

ಟೋಪಿ, ಪೇಟ, ಭುಜ, ಬೆಲ್ಟಿನ ಬಕಲ್ ಹತ್ತಿರದಿಂದ ನೋಡಿ. ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ ಪಡೆ. ತುತ್ತೂರಿ ಕಂಡರೆ ಮರಾಠಾ ಲೈಟ್ ಇನ್‌ಫೆಂಟ್ರಿ ಇರಬಹುದು, ಬೇರೆ ಲೈಟ್ ಇನ್‌ಫೆಂಟ್ರಿಗಳಿಗೂ ಅದೇ ಗುರುತು ಇದ್ದದ್ದುಂಟು. ಸ್ಟುಡಿಯೋದ ಮೊಹರು ಬಿಡಬೇಡಿ. ಮನೆಯವರು ಹೇಳುವ ರ‍್ಯಾಂಕೂ ಸುಳಿವೇ. ಸವಾರ್, ದಫೇದಾರ್, ರಿಸಾಲ್ದಾರ್ ಅಂದರೆ ಕುದುರೆ ಪಡೆ. ಸಿಪಾಯಿ, ಹವಾಲ್ದಾರ್, ಸುಬೇದಾರ್ ಅಂದರೆ ಕಾಲಾಳು ಅಥವಾ ಬೇರೆ ವಿಭಾಗ. ಸ್ಯಾಪರ್ ಅಂದರೆ ಇಂಜಿನಿಯರ್ ಪಡೆ. 'ಜಮಾದಾರ್' ಅಂದ ತಕ್ಷಣ ಸಣ್ಣ ಕೆಲಸ ಅಂದುಕೊಳ್ಳಬೇಡಿ. ಅದು ಅಂದಿನ ಸೇನೆಯಲ್ಲಿ ಅಧಿಕಾರಿ ದರ್ಜೆ, ಈಗಿನ ನಾಯಬ್ ಸುಬೇದಾರ್.

ನಾವು ಧಾರವಾಡದವರು. ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿದರೆ ಸಿಗುತ್ತಾ?

ಇಲ್ಲಿಯೇ ಬಹಳ ಜನ ದಾರಿ ತಪ್ಪುವುದು. ಅಜ್ಜ ಸೇನೆ ಸೇರಿದಾಗ ಕರ್ನಾಟಕ ಅಂತ ರಾಜ್ಯವೇ ಇರಲಿಲ್ಲ, ಅಲ್ವಾ? ಅಂದು ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು ಅನ್ನುವುದರ ಮೇಲೆ ಕಾಗದ ಎಲ್ಲಿದೆ ಅನ್ನುವುದು ನಿಂತಿದೆ.

ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರು ಬಾಂಬೆ ಪ್ರಾಂತ್ಯ. ಇವರಲ್ಲಿ ಬಹಳ ಮಂದಿ ಮರಾಠಾ ಪಡೆಗಳಿಗೆ ಹೋದರು. ಆಡಳಿತದ ಹಳೇ ಕಡತಗಳು ಮುಂಬೈನ ಪತ್ರಾಗಾರದಲ್ಲಿವೆ. ರೆಜಿಮೆಂಟಿನ ಕೇಂದ್ರ ಮಾತ್ರ ನಿಮ್ಮ ಪಕ್ಕದಲ್ಲೇ, ಬೆಳಗಾವಿಯಲ್ಲಿ. ಬಳ್ಳಾರಿ, ಮಂಗಳೂರಿನವರು ಮದ್ರಾಸ್ ಪ್ರಾಂತ್ಯ, ಕಡತಗಳು ಚೆನ್ನೈನ ಎಗ್ಮೋರಿನಲ್ಲಿ. ಬೀದರ್, ಕಲಬುರಗಿ, ರಾಯಚೂರಿನವರು ನಿಜಾಮರ ಸಂಸ್ಥಾನ, ಅಂದರೆ ಹೈದರಾಬಾದು. ಹಳೇ ಮೈಸೂರಿನವರಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಸಂಸ್ಥಾನದ ಸೇನೆಯ ಕಡತಗಳಿಗೆ ಅಲ್ಲಿಂದಲೇ ಶುರು ಮಾಡಿ. ಕೊಡಗು ಬೇರೆಯದೇ ಪ್ರಾಂತ್ಯವಾಗಿತ್ತು. ಕೊಡಗಿನವರಿಗೆ ನಾನು ಹೇಳುವುದಿಷ್ಟೆ: ಐನ್‌ಮನೆಯ (ಮನೆತನದ ಮೂಲಮನೆ) ಹಿರಿಯರನ್ನು ಮೊದಲು ಕೇಳಿ. ಯಾರ ಮಗ ಯಾವ ಪಲ್ಟನ್ನಿನಲ್ಲಿದ್ದ ಅಂತ ಅವರಿಗೆ ಬಾಯಿಪಾಠ.

ಹಳೇ ಬಾಂಬೆ, ಮದ್ರಾಸ್ ಪ್ರಾಂತ್ಯದ ಕೆಲವು ಊರುಗಳಲ್ಲಿ 'ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು' ಎಂಬ ಕಲ್ಲು ಇರುತ್ತದೆ. ಚಾವಡಿ, ಶಾಲೆ, ಹಳೇ ಕಚೇರಿಯ ಗೋಡೆ ನೋಡಿ. ಸುಣ್ಣ ಬಳಿದು ಮುಚ್ಚಿಹೋಗಿರಬಹುದು.

ಅಜ್ಜ 'ಕರ್ನಾಟಿಕ್ ಇನ್‌ಫೆಂಟ್ರಿ' ಅಂತ ಬರೆದಿದೆ. ಕನ್ನಡಿಗರ ಪಡೆಯೇ?

ಅಲ್ಲ. ಹೆಸರು ನೋಡಿ ಹಿಗ್ಗಬೇಡಿ. ಬ್ರಿಟಿಷರು 'ಕರ್ನಾಟಿಕ್' ಅಂದದ್ದು ಆರ್ಕಾಟಿನ ಕಡೆಯ ಸೀಮೆಗೆ, ಅಂದರೆ ಇಂದಿನ ತಮಿಳುನಾಡಿನ ಭಾಗಕ್ಕೆ. 75, 79, 80, 86, 88 ಎಂಬ ನಂಬರಿನ ಕರ್ನಾಟಿಕ್ ಪಡೆಗಳೆಲ್ಲ ಮದ್ರಾಸ್ ಸೇನೆಯವು. ಅವುಗಳಲ್ಲಿ ನಮ್ಮವರು ಇರಲೇ ಇಲ್ಲ ಅಂತಲ್ಲ. ಕೊಡಗಿನ ಕಾರಿಯಪ್ಪನವರೇ ಸೇನೆಯ ಬದುಕು ಶುರು ಮಾಡಿದ್ದು 88ನೇ ಕರ್ನಾಟಿಕ್‌ನಲ್ಲಿ. ಹೆಸರು ನಂಬಿ ತೀರ್ಮಾನಕ್ಕೆ ಬರಬೇಡಿ ಅಂತಷ್ಟೇ.

ಇಂಥದ್ದೇ ಇನ್ನೊಂದು, 19ನೇ ಹೈದರಾಬಾದ್ ರೆಜಿಮೆಂಟ್. ಕಲಬುರಗಿ ಕಡೆಯವರು ಇದನ್ನು ಕಂಡ ಕೂಡಲೇ "ಇದೇ ನಮ್ಮಜ್ಜಂದು" ಅನ್ನುತ್ತಾರೆ. ಅದು ಬ್ರಿಟಿಷ್ ಭಾರತದ ಸೇನೆಯ ಪಡೆ, ಮುಖ್ಯವಾಗಿ ಉತ್ತರದ ಕುಮಾವೂಂ, ಅಹಿರ್, ಜಾಟರದು, 1945ರಲ್ಲಿ ಕುಮಾವೂಂ ರೆಜಿಮೆಂಟ್ ಆಯಿತು. ನಿಜಾಮರ ಸ್ವಂತ ಸೇನೆ ಬೇರೆ.

ನಂಬರ್ ಬದಲಾದದ್ದೂ ತಲೆನೋವು. 1922ರಲ್ಲಿ ಇಡೀ ಭಾರತೀಯ ಸೇನೆಗೆ ಹೊಸ ನಂಬರ್ ಕೊಟ್ಟರು. 103ನೇ ಮರಾಠಾ ಪಡೆ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಬೆಟಾಲಿಯನ್ ಆಯಿತು, 105ನೆಯದು 2ನೇ ಬೆಟಾಲಿಯನ್, 110ನೆಯದು 3ನೆಯದು. ಅಪ್ಪ 1916ರಲ್ಲಿ 110ರಲ್ಲಿದ್ದ, ಮಗ 1940ರಲ್ಲಿ '3/5'ರಲ್ಲಿದ್ದ ಅಂದರೆ ಇಬ್ಬರೂ ಒಂದೇ ಪಡೆಯವರು. ಮದ್ರಾಸಿನ ಕಾಲಾಳು ಪಡೆಗಳನ್ನು ಎರಡು ಯುದ್ಧಗಳ ನಡುವೆ ಬರಖಾಸ್ತು ಮಾಡಿ, 1941ರಲ್ಲಿ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. ಹಾಗಾಗಿ ಒಂದನೇ ಯುದ್ಧದ ಮದ್ರಾಸ್ ಸಿಪಾಯಿಯ ಕಾಗದ ಸಿಗುವುದು ಕಷ್ಟ. ಬೆಂಗಳೂರಿನ ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಸೇರುವ ಮೂಲೆಯಲ್ಲಿ ಒಂದು ಕಲ್ಲಿನ ಸ್ತಂಭ ಇದೆ ನೋಡಿ. ಅದು ಹೀಗೆ ಇಲ್ಲವಾದ ಮದ್ರಾಸ್ ಪಯೊನಿಯರ್, ಅಂದರೆ ದಾರಿ ಕಡಿಯುವ ಪಡೆಗಳದು. ಸಿಗ್ನಲ್ಲಿಗೆ ನಿಲ್ಲುವ ಎಷ್ಟು ಜನ ಅದನ್ನು ನೋಡಿದ್ದಾರೋ.

ನಮ್ಮ ಮುತ್ತಾತ ಹೈಫಾದಲ್ಲಿ ಸತ್ತರು ಅಂತಾರೆ. ನಿಜವಾ?

ಇರಬಹುದು. ಆದರೆ ತಾಳೆ ನೋಡಿ. ಹೈಫಾ ಅಂದರೆ ಈಗಿನ ಇಸ್ರೇಲಿನ ಒಂದು ಬಂದರು ಊರು. ಮೈಸೂರು ಲ್ಯಾನ್ಸರ್ಸ್, ಅಂದರೆ ಸಂಸ್ಥಾನದ ಕುದುರೆ ಪಡೆಯವರು, 1914ರಲ್ಲೇ ಈಜಿಪ್ಟಿಗೆ ಹೋದರು. ಮೊದಲು ಸೂಯೆಜ್ ಕಾಲುವೆ ಕಾದರು, ಆಮೇಲೆ ಪ್ಯಾಲೆಸ್ಟೈನ್. ಹೈಫಾ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು, ಒಂದೇ ದಿನ. ಜೋಧಪುರದವರು ಊರಿನ ಕಡೆ ನುಗ್ಗಿದರು. ಮೈಸೂರಿನವರ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. 1,350 ಮಂದಿ ಸೆರೆಸಿಕ್ಕರು. ಇಷ್ಟು ದೊಡ್ಡ ಹೆಸರಿನ ಆ ದಿನ ನಮ್ಮ ಕಡೆ ಸತ್ತವರು 8 ಮಂದಿ. ಮನೆಮನೆಯಲ್ಲಿ ಹೈಫಾದಲ್ಲಿ ಮಡಿದವರಿದ್ದರೆ ಲೆಕ್ಕ ಕೂಡುವುದಿಲ್ಲ. ನಾಲ್ಕು ವರ್ಷದ ಆ ದಂಡಯಾತ್ರೆಯಲ್ಲಿ ಜ್ವರ, ಮಲೇರಿಯಾ, ಹಳೇ ಗಾಯಗಳಿಂದ ಹೋದವರೂ ಇದ್ದಾರೆ. ಊರಿಗೆ ಬಂದ ಸುದ್ದಿಗೆ ಆಮೇಲೆ ಯಾರೋ ಹೈಫಾ ಅಂತ ಹೆಸರಿಟ್ಟಿರುತ್ತಾರೆ, ಅಷ್ಟೆ.

ತಾಳೆ ನೋಡಲು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಿ. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು. ಈಜಿಪ್ಟ್, ಪ್ಯಾಲೆಸ್ಟೈನಿನಲ್ಲಿ ಸತ್ತ ಭಾರತೀಯರ ಸ್ಮಾರಕ ಮೊದಲು ಸೂಯೆಜ್ ದಡದ ಪೋರ್ಟ್ ತೌಫೀಕ್‌ನಲ್ಲಿತ್ತು. ಈಜಿಪ್ಟ್, ಇಸ್ರೇಲ್ ಕಾದಾಟದಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸದು ಕಟ್ಟಿದರು.

ಯುದ್ಧದಲ್ಲೇ ತೀರಿಕೊಂಡವರನ್ನು ಎಲ್ಲಿ ಹುಡುಕುವುದು?

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ. ಕಾಸು ಕೊಡಬೇಕಿಲ್ಲ. ಎರಡೂ ಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಪಟ್ಟಿ ಅದು. ಬದುಕಿ ಬಂದವರು ಅದರಲ್ಲಿ ಇರುವುದಿಲ್ಲ. ಹೆಸರು ಸಿಗದಿದ್ದರೆ ನಂಬರ್ ಹಾಕಿ, ಪಡೆಯ ಹೆಸರು ಹಾಕಿ ಸೋಸಿ.

ನಮ್ಮವರಿಗೆ ಬಹಳ ಸಲ ಗೋರಿ ಇರುವುದಿಲ್ಲ. ಹಿಂದೂ, ಸಿಖ್ ಸಿಪಾಯಿಗಳನ್ನು ಆದಷ್ಟೂ ದಹನ ಮಾಡುತ್ತಿದ್ದರು. ಹಾಗಾಗಿ ಸಿಗುವುದು ಗೋಡೆಯ ಮೇಲೊಂದು ಹೆಸರು. ಫ್ರಾನ್ಸಾದರೆ ನೊವ್ ಶಾಪೆಲ್, ಬರ್ಮಾ ಆದರೆ ರಂಗೂನ್ ಬಳಿಯ ತೌಕ್ಯಾನ್, ಮಲಯ ಸಿಂಗಾಪುರವಾದರೆ ಕ್ರಾಂಜಿ.

ಇರಾಕಿನ ಕಥೆ ಬೇರೆ. ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ಭಾರತೀಯ ಸಿಪಾಯಿಗಳನ್ನು ಬರೀ ಲೆಕ್ಕದಲ್ಲಿ ತೋರಿಸಿದರು, 'ಮತ್ತು ಇತರ ಇಷ್ಟು ಭಾರತೀಯ ಸೈನಿಕರು' ಅಂತ. ಇದನ್ನು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಇಂಥ ತಾರತಮ್ಯಕ್ಕೆ ಕಮಿಷನ್ 2021ರಲ್ಲಿ ಕ್ಷಮೆ ಕೇಳಿತು. ಹೆಸರುಗಳು ರಿಜಿಸ್ಟರಿನಲ್ಲಿದ್ದವು, ಈಗ ಜಾಲತಾಣದಲ್ಲಿ ಹುಡುಕಬಹುದು. ಸ್ಮಾರಕ ನೋಡಲು ಹೋಗುವ ಯೋಚನೆ ಸದ್ಯಕ್ಕೆ ಬೇಡ. ಸದ್ದಾಂ ಹುಸೇನ್ 1997ರಲ್ಲಿ ಅದನ್ನು ಕಳಚಿ ಬಸ್ರಾದಿಂದ 32 ಕಿ.ಮೀ. ದೂರ, ನಾಸಿರಿಯಾ ರಸ್ತೆ ಬದಿಯ ಮರುಭೂಮಿಗೆ ಸಾಗಿಸಿದ.

ಬದುಕಿ ಬಂದವರದು?

ಅದೇ ಜಾಸ್ತಿ ಕಷ್ಟ. ಸತ್ತವರ ಪಟ್ಟಿ ಇಟ್ಟರು, ಮನೆಗೆ ಬಂದವರದು ಯಾರೂ ಇಡಲಿಲ್ಲ. ಪಂಜಾಬಿನವರಿಗೆ ಒಂದು ಅದೃಷ್ಟ ಇದೆ. ಒಂದನೇ ಯುದ್ಧಕ್ಕೆ ಹೋದ ಸುಮಾರು 3,20,000 ಜನರ ಊರುವಾರು ರಿಜಿಸ್ಟರ್ ಲಾಹೋರ್ ಮ್ಯೂಸಿಯಮ್ಮಿನಲ್ಲಿ ಸಿಕ್ಕಿ ಜಾಲಕ್ಕೆ ಬಂದಿದೆ. ನಮಗೆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸೇ ಗತಿ. ಮರಾಠಾ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್, ಆರ್ಮಿ ಸರ್ವಿಸ್ ಕೋರ್, ಪಯೊನಿಯರ್ ಕೋರ್ ಆದರೆ ಬೆಂಗಳೂರು. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿಗೆ ಸೇರಿತು, ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಗೆ.

ಪತ್ರ ಒಂದೇ ಪುಟ ಇರಲಿ. ನಂಬರ್, ರ‍್ಯಾಂಕ್, ಹೆಸರಿನ ಎಲ್ಲ ಬಗೆಯ ಸ್ಪೆಲಿಂಗ್, ತಂದೆ, ಊರು, ತಾಲ್ಲೂಕು, ಸೇರಿದ ವರ್ಷ, ನಿಮಗೂ ಅವರಿಗೂ ಏನು ಸಂಬಂಧ. ನಾನು ಮೊದಲು ಬರೆದ ಪತ್ರ ಮೂರು ಪುಟ, ಅಜ್ಜನ ಗುಣಗಾನವೇ ಎರಡೂವರೆ. ಒಂದು ಕಚೇರಿಯಿಂದ ಉತ್ತರವೇ ಬರಲಿಲ್ಲ. ಇನ್ನೊಂದರಿಂದ ಎಂಟು ತಿಂಗಳ ಮೇಲೆ 'ನಂಬರ್ ತಿಳಿಸಿ' ಅಂತ ಒಂದು ಸಾಲು. ತಪ್ಪು ನನ್ನದೂ ಇತ್ತು ಅನ್ನಿ. ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಆದರೆ ಮೊದಲ ಪತ್ರವೇ ಅದಾಗದಿರಲಿ. ಕಡತ ಹುಡುಕುವವನು ಒಬ್ಬ ಹವಾಲ್ದಾರ್ ಕ್ಲರ್ಕ್. ಅವನಿಗೂ ಅಜ್ಜ ಇದ್ದಾನೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಯಾವ ವಿಳಾಸಕ್ಕೆ ಬರೆಯಬೇಕು ಅಂತ ಹೇಳುತ್ತಾರೆ.

ಹಾಗಾದರೆ ಲಂಡನ್ನಿನಲ್ಲಿ ಏನೂ ಇಲ್ಲವಾ?

ಇದೆ, ಆದರೆ ನೀವು ಅಂದುಕೊಂಡದ್ದಲ್ಲ. ಸಾಮಾನ್ಯ ಸಿಪಾಯಿಯ ಸರ್ವಿಸ್ ಕಡತ ಅಲ್ಲಿಗೆ ಹೋಗಲೇ ಇಲ್ಲ, ಪಡೆಗಳ ಬಳಿಯೇ ಉಳಿಯಿತು. ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಹೆಚ್ಚಾಗಿ ಅಧಿಕಾರಿಗಳದು. ಕ್ಯೂ ಎಂಬಲ್ಲಿರುವ ಅವರ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪಡೆಗಳ ಯುದ್ಧ ದಿನಚರಿಗಳಿವೆ. ಅವು ಚಿನ್ನ. ಯಾವ ದಿನ ಎಲ್ಲಿ ಬಿಡಾರ, ಎಷ್ಟು ಮಳೆ, ಹೇಸರಗತ್ತೆಗಳಿಗೆ ಮೇವು ಬಂತಾ ಇಲ್ಲವಾ, ಎಲ್ಲ ಇರುತ್ತದೆ. ಅಜ್ಜನ ಹೆಸರು ಮಾತ್ರ ಇರುವುದಿಲ್ಲ. 'ಇಬ್ಬರು ಸಿಪಾಯಿಗಳಿಗೆ ಗಾಯ' ಅಂತಿರುತ್ತದೆ. ಆ ಇಬ್ಬರಲ್ಲಿ ನಿಮ್ಮವರು ಒಬ್ಬರಾ ಅಂತ ನೀವೇ ಲೆಕ್ಕ ಹಾಕಬೇಕು.

ನಮ್ಮಜ್ಜ ಬರೀ ಅಡುಗೆಯವರು. ಹುಡುಕುವುದರಲ್ಲಿ ಅರ್ಥ ಇದೆಯಾ?

'ಬರೀ' ಯಾಕೆ? ಅಡುಗೆಯವರು, ನೀರು ಹೊರುವ ಭಿಸ್ತಿ, ಕುದುರೆ ನೋಡಿಕೊಳ್ಳುವ ಸಾಯಿಸ, ಹೇಸರಗತ್ತೆ ಹೊಡೆಯುವವರು, ಗುಡಿಸುವವರು ಇಲ್ಲದೆ ಒಂದು ದಿನವೂ ಪಡೆ ನಡೆಯುತ್ತಿರಲಿಲ್ಲ. ಅವರಿಗೂ ನಂಬರ್ ಇತ್ತು, ಪದಕ ಇತ್ತು. ಸತ್ತಿದ್ದರೆ ಕಮಿಷನ್ ಪಟ್ಟಿಯಲ್ಲಿ 'ಫಾಲೋವರ್' ಎಂಬ ಹೆಸರಿನಡಿ ಸಿಗುತ್ತಾರೆ. ಮನೆಯವರೇ ನಾಚಿಕೊಂಡು ಮುಚ್ಚಿಟ್ಟ ಕಥೆಗಳು ಇವು.

ಸಿಂಗಾಪುರದಲ್ಲಿ ಸೆರೆಸಿಕ್ಕಿದ್ದರಂತೆ, ಆಮೇಲೆ ಆ ಬಗ್ಗೆ ಮಾತೇ ಆಡಲಿಲ್ಲ. ಯಾಕಿರಬಹುದು?

1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಸೆರೆಯಾದ ಸಾವಿರಾರು ಭಾರತೀಯರಲ್ಲಿ ಮೈಸೂರು ಇನ್‌ಫೆಂಟ್ರಿಯವರೂ ಇದ್ದರು. ಅಲ್ಲಿಂದ ದಾರಿ ಎರಡಾಯಿತು. ಕೆಲವರು ಬ್ರಿಟಿಷರ ವಿರುದ್ಧ ಕಟ್ಟಿದ ಐ.ಎನ್.ಎ. (ಆಜಾದ್ ಹಿಂದ್ ಫೌಜ್) ಸೇರಿದರು. ಸೇರದವರಲ್ಲಿ ಬಹಳ ಮಂದಿಯನ್ನು ಜಪಾನಿಗಳು ನ್ಯೂಗಿನಿ ಕಡೆ ಕೂಲಿಗೆ ಸಾಗಿಸಿದರು, ಎಷ್ಟೋ ಜನ ಹಸಿವಿನಿಂದ ಸತ್ತರು.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಐ.ಎನ್.ಎ.ಯವರನ್ನು ವಿಚಾರಿಸಿ ಬಿಳಿ, ಬೂದು, ಕಪ್ಪು ಅಂತ ಮೂರು ಗುಂಪು ಮಾಡಿದರು. ಕಪ್ಪು ಅಂದವರನ್ನು ಸೇನೆಯಿಂದ ಹೊರಹಾಕಿದರು. ಪದಕ ಇಲ್ಲ, ಪಿಂಚಣಿ ಇಲ್ಲ. ಊರವರು 'ಓಡಿಬಂದ' ಅಂದುಕೊಂಡರು. ಅಜ್ಜ ಸುಮ್ನೆ ಇದ್ದುಬಿಟ್ಟರು. ಡಿಸ್ಚಾರ್ಜ್ ಕಾಗದದಲ್ಲಿ 'ವಜಾ' ಅಂತ ಕಂಡರೆ ಗಾಬರಿಯಾಗಬೇಡಿ, ವರ್ಷ ನೋಡಿ. 1945, 46 ಆಗಿದ್ದು ಮಲಯದಲ್ಲಿದ್ದ ಪಡೆಯಾಗಿದ್ದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಐ.ಎನ್.ಎ. ಕಡತಗಳಲ್ಲಿ ಹುಡುಕಿ. 'ಅಭಿಲೇಖ ಪಟಲ್' ಎಂಬ ಅವರ ಜಾಲತಾಣದಲ್ಲಿ ಮನೆಯಿಂದಲೇ ಶುರು ಮಾಡಬಹುದು.

1962, 1965, 1971ರವರದು?

ಇದು ಸುಲಭ. ರೆಕಾರ್ಡ್ಸ್ ಆಫೀಸಿನಲ್ಲಿ ಕಡತ ಇರುತ್ತದೆ. ಪ್ರಾಣ ಕೊಟ್ಟವರ ಹೆಸರು ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದ ಗೋಡೆಯಲ್ಲಿದೆ, ಅದರ ಜಾಲತಾಣದಲ್ಲೂ ಹುಡುಕಬಹುದು.

ದುಡ್ಡು ಕೊಟ್ಟರೆ ಹುಡುಕಿಕೊಡುತ್ತೇವೆ ಅನ್ನುವವರನ್ನು ನಂಬಬಹುದಾ?

ನಂಬರ್, ಪಡೆ ಗೊತ್ತಾಗುವವರೆಗೆ ಯಾರಿಗೂ ಒಂದು ಪೈಸೆ ಕೊಡಬೇಡಿ. ಗೊತ್ತಾದ ಮೇಲೆ ಬಹುಪಾಲು ನೀವೇ ಮಾಡಬಹುದು.

ಮನೆಯವರಿಗೆ ಇಷ್ಟವಾಗದ ವಿಷಯ ಸಿಕ್ಕರೆ?

ಸಿಗುತ್ತದೆ. ಸುಬೇದಾರ್ ಅಂತ ಹೇಳಿಕೊಂಡವರು ಅದಕ್ಕಿಂತ ಬಹಳ ಕೆಳಗಿನ ನಾಯಕ್ ರ‍್ಯಾಂಕಿನವರಾಗಿರುತ್ತಾರೆ. ಗುಂಡೇಟು ಅಂದದ್ದು ಲಾರಿ ಅಪಘಾತವಾಗಿರುತ್ತದೆ. ನಮ್ಮಜ್ಜನ ಕಾಲಿನ ಗಾಯವೂ ಅಂಥದ್ದೇ. ಚಿಕ್ಕಪ್ಪನಿಗೆ ಹೇಳಿದಾಗ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಫೋನ್ ಮಾಡಿ, "ಅಲ್ಲೋ, ಆ ಬೆಟ್ಟದಲ್ಲಿ ಲಾರಿ ಓಡಿಸೋದು ಏನು ಕಮ್ಮಿನಾ?" ಅಂದರು.

ಸತ್ತ ದಿನ ಸಿಕ್ಕಿದೆ. ಅದರಿಂದ ತಿಥಿ ಕಂಡುಹಿಡಿಯಬಹುದಾ?

ಇದನ್ನು ಕೇಳುವವರು ಬಹಳ. ಸಾವಿನ ದಿನ ಗೊತ್ತಿಲ್ಲದ ಕಾರಣಕ್ಕೆ ಮಹಾಲಯ ಅಮಾವಾಸ್ಯೆಯಂದೇ ಎಡೆ ಇಟ್ಟುಕೊಂಡು ಬಂದ ಮನೆಗಳು ಇವು. ಕಮಿಷನ್ ದಾಖಲೆಯಲ್ಲಿ ಇಂಗ್ಲಿಷ್ ತಾರೀಖು ಇರುತ್ತದೆ. ಆ ವರ್ಷದ ಪಂಚಾಂಗ ಇದ್ದರೆ ತಿಥಿ ಸಿಗುತ್ತದೆ, ಪುರೋಹಿತರನ್ನು ಕೇಳಿದರೆ ಲೆಕ್ಕ ಹಾಕಿಕೊಡುತ್ತಾರೆ. ದೊಡ್ಡ ಸೋಲಿನ ದಿನಗಳ ತಾರೀಖು ಮಾತ್ರ ಕೆಲವೊಮ್ಮೆ ಅಂದಾಜಿನದು, ನೂರಾರು ಹೆಸರಿಗೆ ಒಂದೇ ದಿನ ಬರೆದಿರುತ್ತಾರೆ.

ಹೈಫಾದ ಆ ಸೆಪ್ಟೆಂಬರ್ 23 ಭಾದ್ರಪದ ಬಹುಳದಲ್ಲಿ ಬಿದ್ದಿತ್ತು, ಅಂದರೆ ಪಿತೃಪಕ್ಷದಲ್ಲೇ. ಊರಿನಲ್ಲಿ ಹಿರಿಯರಿಗೆ ಎಡೆ ಇಡುವ ಹದಿನೈದು ದಿನದೊಳಗೆ ಅಲ್ಲಿ ಬೆಟ್ಟ ಹತ್ತುತ್ತಿದ್ದರು.

ತಿಥಿ ಸಿಕ್ಕ ಮೇಲೆ ಅಮಾವಾಸ್ಯೆಯ ಎಡೆ ನಿಲ್ಲಿಸಬೇಕಾ ಅಂತ ಒಬ್ಬ ಅಜ್ಜಿ ನನ್ನನ್ನು ಕೇಳಿದರು. ನನಗೆ ಶಾಸ್ತ್ರ ಗೊತ್ತಿಲ್ಲ ಅಂದೆ. ಅವರೇ ಸ್ವಲ್ಪ ಹೊತ್ತು ಬಿಟ್ಟು, "ಎರಡೂ ದಿನ ಇಡ್ತೀನಿ ಬಿಡು, ಅಲ್ಲಿ ಊಟ ಸರಿಯಾಗಿ ಸಿಗ್ತಿತ್ತೋ ಇಲ್ವೋ" ಅಂದರು.